ಚಾರ್ಮಾಡಿಯ ಏರಿನಲ್ಲಿ ಪಿಕಪ್ ಹೋದಾಗ

ನೀವೆಂದಾದರೂ ಚಾರ್ಮಾಡಿ ಘಾಟಿ ಹತ್ತಿದ್ದೀರಾ? ಧರ್ಮಸ್ಥಳಕ್ಕೆ ಹೋಗಿಬರುವ ನಿಮ್ಮಲ್ಲಿ ಅನೇಕರು ಬಸ್ಸಿನಲ್ಲಿ ಹತ್ತಿ ಇಳಿದಿರುತ್ತೀರಿ. ಆದರೆ ಘಾಟಿಯನ್ನು ನೋಡಿರುತ್ತೀರೋ ಇಲ್ಲವೋ ಹೇಳಲಾರೆ. ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಚೀಲ, ತೊಡೆಯ ಮೇಲೆ ಮಗು. ಕಣ್ಣು ಬಿಟ್ಟರೆ ತಲೆಸುತ್ತು. ಕಂಡಕ್ಟರು "ಕೊಟ್ಟಿಗೆಹಾರ, ಕಾಫಿ ಕುಡಿಯೋರು ಕುಡೀರಿ" ಅಂದಾಗಲೇ ನಮಗೆ ಘಾಟಿ ಮುಗಿದದ್ದು ಗೊತ್ತಾಗುವುದು. ಮದುವೆಯಾಗಿ ಉಜಿರೆಗೆ ಬಂದು ಇಪ್ಪತ್ತೆಂಟು ವರ್ಷವಾದರೂ ನನ್ನದೂ ಇದೇ ಕಥೆ. ನಾನು ಆ ಘಾಟಿಯನ್ನು ಕಣ್ತುಂಬ ನೋಡಿದ್ದು 2024ರ ಅಕ್ಟೋಬರಿನಲ್ಲಿ, ಮಗಳ ಮೋಟಾರುಸೈಕಲ್ಲಿನ ಹಿಂದಿನ ಸೀಟಿನಲ್ಲಿ ಕೂತು. ಅದೂ ಆ ಗಾಡಿ ಏರಿನ ನಡುವೆ ದಮ್ಮುಕಟ್ಟಿ ನಿಂತದ್ದರಿಂದ!

ದಾರಿಯ ವಿವರ ಮೊದಲು ಹೇಳಿಬಿಡುತ್ತೇನೆ. ಮಂಗಳೂರಿನಿಂದ ಬೆಳ್ತಂಗಡಿ, ಉಜಿರೆ ಹಾದು ಮೂಡಿಗೆರೆಯತ್ತ ಹೋಗುವ ರಾಷ್ಟ್ರೀಯ ಹೆದ್ದಾರಿ 73ರ ಮೇಲೆ ಈ ಘಾಟಿ ಉಂಟು. ಉಜಿರೆಯಿಂದ ಕೊಟ್ಟಿಗೆಹಾರಕ್ಕೆ ಸುಮಾರು 35 ಕಿ.ಮೀ. ಮೊದಲು ಮುಂಡಾಜೆ, ಕಕ್ಕಿಂಜೆ. ಅಲ್ಲೆಲ್ಲ ಅಡಿಕೆ ತೋಟ, ಮೃತ್ಯುಂಜಯ ಹೊಳೆ, ಅಂಗಳದಲ್ಲಿ ಒಣಹಾಕಿದ ಅಡಿಕೆಗೆ ಕಾವಲು ಕೂತ ಅಜ್ಜಿಯರು. ಚಾರ್ಮಾಡಿಯ ಚೆಕ್‌ಪೋಸ್ಟ್ ದಾಟಿದ್ದೇ ತಡ, ದಾರಿ ತಲೆಯೆತ್ತುತ್ತದೆ. ತಿರುವಿನ ಮೇಲೆ ತಿರುವು; ಒಂದು ಮಗ್ಗುಲಿಗೆ ನೀರು ಜಿನುಗುವ ಬಂಡೆ, ಇನ್ನೊಂದಕ್ಕೆ ತಳ ಕಾಣದ ಕಣಿವೆ. ಮೇಲೆ ಮುಟ್ಟುವಷ್ಟರಲ್ಲಿ ದಕ್ಷಿಣ ಕನ್ನಡ ಮುಗಿದು ಚಿಕ್ಕಮಗಳೂರು ಜಿಲ್ಲೆ ಶುರುವಾಗಿರುತ್ತದೆ, ಸೆಕೆ ಮುಗಿದು ಚಳಿಯೂ. 2019ರ ಆಗಸ್ಟಿನ ಮಳೆಗೆ ಇಲ್ಲಿ ಗುಡ್ಡ ಜರಿದು ಸಂಚಾರವೇ ನಿಂತುಹೋಗಿತ್ತು. ಮತ್ತೆ ತೆರೆದಾಗಲೂ ಮೊದಲು ಬಿಟ್ಟದ್ದು ಸಣ್ಣ ವಾಹನಗಳನ್ನು ಮಾತ್ರ. ಅಂಥ ದಾರಿ ಇದು.

ಈ ದಾರಿಯಲ್ಲಿ ನಮ್ಮ ಮಗಳು ವಾರಕ್ಕೊಮ್ಮೆ ಹತ್ತಿ ಇಳಿಯುತ್ತಾಳೆ. ಕೊಟ್ಟಿಗೆಹಾರದಿಂದ ಕಳಸದ ಕಡೆಗೆ ಹೋಗುವ ದಾರಿಯ ಒಂದು ಊರಿನಲ್ಲಿ ಅವಳಿಗೆ ಶಾಲಾ ಮಾಸ್ತರಿಕೆ. ಸೋಮವಾರ ಬೆಳಿಗ್ಗೆ ಹೋದವಳು ಶನಿವಾರ ಮಧ್ಯಾಹ್ನ ಬರುವುದು. ಸೋಮವಾರದ ಬಸ್ಸು ನಂಬಿದರೆ ಪ್ರಾರ್ಥನೆಯ ಗಂಟೆ ತಪ್ಪುತ್ತದೆ. ಹಾಗಾಗಿ 2024ರ ಜುಲೈಯಲ್ಲಿ ತನ್ನ ಸಂಬಳದ ಉಳಿತಾಯದಿಂದ 150 ಸಿ.ಸಿ.ಯ, ಮುಂದಕ್ಕೆ ಬಾಗಿದ, ಹುಡುಗರು ಹಾರಿಸಿಕೊಂಡು ಹೋಗುವಂಥ ಒಂದು ಹಳೆಯ ಬೈಕು ಕೊಂಡಳು. 2014ರ ಮಾಡೆಲ್ಲು. ಹಿಂದಿನ ಸೀಟು ಅಟ್ಟದ ಮೇಲೆ ಇಟ್ಟ ಮಣೆಯ ಹಾಗೆ! ಸ್ಕೂಟರು ಸಾಲದೇ ಎಂದು ನಾನು ಕೇಳಿದ್ದುಂಟು. "ಘಾಟಿಗೆ ಗೇರು ಬೇಕಮ್ಮ" ಅಂದಳು.

ಬೈಕು ಚೆಂದವೇ ಇತ್ತು. ಆದರೆ ಆಗಸ್ಟಿನಿಂದ ಒಂದು ಕಾಟ ಶುರುವಾಯಿತು. ಉಜಿರೆಯಿಂದ ಚಾರ್ಮಾಡಿಯವರೆಗೆ ಕುದುರೆಯ ಹಾಗೆ ಓಡುವ ಗಾಡಿ, ಘಾಟಿಯ ನಡುವೆ ಇದ್ದಕ್ಕಿದ್ದಂತೆ ಪಿಕಪ್ ಕಳೆದುಕೊಳ್ಳುವುದು. ಹಿಂದೆ ಟೆಂಪೋ, ಎದುರಿಗೆ ಕಾರು, ಮೇಲೆ ಮಳೆ. ಒಮ್ಮೆ ತಿರುವಿನಲ್ಲೇ ನಿಂತು ಗಾಡಿ ಹಿಂದಕ್ಕೆ ಜಾರಲು ಶುರುವಾಯಿತಂತೆ. ಹಿಂದಿದ್ದ ಚಾಲಕ ಬ್ರೇಕು ಹಾಕಿದ್ದರಿಂದ ಬಚಾವು. ಅದನ್ನು ಅವಳು ಹೇಳಿದ್ದು ನನಗಲ್ಲ, ತನ್ನ ಗೆಳತಿಗೆ ಫೋನಿನಲ್ಲಿ. ಕೇಳಿಸಿಕೊಂಡದ್ದು ನಮ್ಮವರು. ಅಲ್ಲಿಗೆ ತೀರ್ಮಾನ ಆಯಿತು: "ಮಾರಾಯ್ತಿ, ದೀಪಾವಳಿಯ ಒಳಗೆ ಅದನ್ನು ಮಾರಿಬಿಡುವುದು. ಕೆಲಸ ಬೇಕಾದರೆ ಅಲ್ಲೇ ರೂಮಿನಲ್ಲಿರಲಿ, ತಿಂಗಳಿಗೊಮ್ಮೆ ಬರಲಿ." ಗಿರಾಕಿಯನ್ನೂ ಅವರೇ ಗೊತ್ತುಮಾಡಿದರು.

ಇಷ್ಟರಲ್ಲಿ ಬೈಕು ಎರಡು ಗ್ಯಾರೇಜು ಕಂಡಿತ್ತು. ಒಬ್ಬರು ಪ್ಲಗ್ ಬದಲಿಸಿದರು, ಏರ್ ಫಿಲ್ಟರ್ ಹೊಸದು ಹಾಕಿದರು. ಇನ್ನೊಬ್ಬರು ಕಾರ್ಬೊರೇಟರ್ ಬಿಚ್ಚಿ ತೊಳೆದು, ಇನ್ನೂ ಆಗದಿದ್ದರೆ ಕಾಯಿಲ್ ಬದಲಿಸಬೇಕು ಎಂದರು. ಅವರನ್ನು ದೂರುವ ಹಾಗಿಲ್ಲ ನೋಡಿ. ಪೇಟೆಯಲ್ಲಿ ಓಡಿಸಿ ನೋಡಿದರೆ ಗಾಡಿಗೆ ಏನೇನೂ ಆಗಿಲ್ಲ! ಡಾಕ್ಟರ ಮುಂದೆ ಕೂತ ಕೂಡಲೇ ಮಗುವಿನ ಕೆಮ್ಮು ನಿಲ್ಲುವುದಿಲ್ಲವೇ, ಹಾಗೆ.

ದಸರಾ ರಜೆ ಮುಗಿದ ಮೊದಲ ಸೋಮವಾರ ನಾನು "ಇವತ್ತು ನಿನ್ನ ಜೊತೆ ನಾನೂ ಬರ್ತೇನೆ" ಅಂದೆ. ಚೂಡಿದಾರ, ಮೇಲೊಂದು ಸ್ವೆಟರು, ದುಪ್ಪಟ್ಟಾ ಹಾರದಂತೆ ಎರಡು ಪಿನ್ನು, ತಲೆಗೆ ಹೆಲ್ಮೆಟ್ಟು. ನಮ್ಮವರು ಗೇಟಿನಲ್ಲಿ ನಿಂತು ಇಬ್ಬರನ್ನೂ ಬಯ್ಯುತ್ತಲೇ ಕಳಿಸಿಕೊಟ್ಟರು. ಉಜಿರೆಯಲ್ಲಿ ಟ್ಯಾಂಕು ತುಂಬ ಪೆಟ್ರೋಲು ಹಾಕಿಸಿದಳು. ಹಿಂದಿನ ವಾರದ ಸಂಬಳ ಬಂದಿತ್ತಲ್ಲ, ಖುಷಿ. ನೆನಪಿಡಿ, ಈ ಪೆಟ್ರೋಲಿನ ಮಾತು ಮುಂದೆ ಬರುವುದುಂಟು.

ಚಾರ್ಮಾಡಿ ದಾಟಿ ಏರು ಹಿಡಿಯಿತು. ಬಸ್ಸಿನ ಕಿಟಕಿಯಲ್ಲಿ ಕಾಣದ್ದೆಲ್ಲ ಬೈಕಿನ ಮೇಲೆ ಕಾಣುತ್ತದೆ, ಬರೀ ಕಾಣುವುದಲ್ಲ, ಮೂಗಿಗೂ ಚರ್ಮಕ್ಕೂ ತಾಗುತ್ತದೆ. ಕೊಳೆತ ಎಲೆಯ ವಾಸನೆ, ಬಂಡೆಯ ಸಂದಿಯ ಜರಿಗಿಡದ ಹಸಿ ವಾಸನೆ. ತಿರುವಿಗೊಂದು ಸಣ್ಣ ಝರಿ ರಸ್ತೆಯ ಪಕ್ಕಕ್ಕೇ ಬಂದು ಕಾಲಿಗೆ ನೀರು ಹಾರಿಸುತ್ತದೆ. ತುಂತುರು ಮಳೆ. ಮಂಜು ಕಣಿವೆಯಿಂದ ಎದ್ದು ರಸ್ತೆ ದಾಟಿ ಕಾಡಿಗೆ ಹೋಗುತ್ತಿತ್ತು, ಯಾರದೋ ಮನೆಗೆ ಹೋಗುವ ನೆಂಟರ ಹಾಗೆ ಅವಸರವಿಲ್ಲದೆ. ನನಗೆ ಗಾಡಿಯ ಕಾಯಿಲೆ ಮರೆತೇಹೋಗಿತ್ತು.

ಆಗ ಆಯಿತು. ಇಂಜಿನ್ನು ಎರಡು ಸಲ ಕೆಮ್ಮಿತು. ಸದ್ದು ಸಣ್ಣಗಾಯಿತು. ಮಗಳು ಆಕ್ಸಿಲರೇಟರ್ ತಿರುಗಿಸಿದಷ್ಟೂ ಗಾಡಿ ಮುಂದೆ ಹೋಗುವ ಬದಲು ಹಿಂದಿನಿಂದ ಯಾರೋ ಸೆರಗು ಹಿಡಿದು ಎಳೆದ ಹಾಗೆ. ಮೂರನೇ ಗೇರು, ಎರಡನೇ ಗೇರು, ಮೊದಲನೇ ಗೇರು, ನಿಂತೇ ಹೋಯಿತು. ಆದರೆ ಅವಳು ಗಾಬರಿಯಾಗಲಿಲ್ಲ. ಕೆಮ್ಮು ಕೇಳಿದ ಕೂಡಲೇ ಎಡಕ್ಕೆ ಇಂಡಿಕೇಟರ್ ಹಾಕಿ, ತಿರುವು ಬರುವ ಮೊದಲೇ ಅಂಚಿಗೆ ತಂದು, ಎರಡೂ ಬ್ರೇಕು ಹಿಡಿದು, "ಅಮ್ಮ, ನೀನು ಇಳಿ, ಮೇಲೆ ಹೋಗಿ ನಿಲ್ಲು" ಅಂದಳು. ಗಾಡಿಯ ಹಿಂದೆ ನಿಲ್ಲಬಾರದಂತೆ. ಜಾರಿದರೆ ಮೈಮೇಲೆ ಬರುತ್ತದೆ.

ಹತ್ತು ನಿಮಿಷ ಅಲ್ಲಿ ನಿಂತೆವು. ಕೋತಿಗಳ ಒಂದು ಸಂಸಾರ ತಡೆಗೋಡೆಯ ಮೇಲೆ ಕೂತು ನಮ್ಮನ್ನು ನೋಡಿತು. ತರಕಾರಿ ಪಿಕಪ್ ಗಾಡಿಯವನೊಬ್ಬ ನಿಲ್ಲಿಸಿ, "ಹೆಲ್ಪ್ ಬೇಕಾ ಅಕ್ಕಾ?" ಎಂದು ಕೇಳಿ ಹೋದ. ಹತ್ತು ನಿಮಿಷದ ಮೇಲೆ ಮಗಳು ಸೆಲ್ಫ್ ಒತ್ತಿದಳು. ಏನೂ ಆಗದ ಹಾಗೆ ಬೈಕು ಶುರುವಾಯಿತು! ಮೂರು ನಾಲ್ಕು ಕಿಲೋಮೀಟರು ಹೋಗಿ ಮತ್ತೆ ಅದೇ ಹಾಡು. ಹೀಗೆ ಎರಡು ಸಲ ನಿಂತು, ಅಣ್ಣಪ್ಪ ಸ್ವಾಮಿಯ ಗುಡಿಗೆ ಕೈಮುಗಿದು, ಅಂತೂ ಕೊಟ್ಟಿಗೆಹಾರ ಮುಟ್ಟಿದಾಗ ಶಾಲೆಯ ಗಂಟೆ ಹೊಡೆದು ಎಷ್ಟೋ ಹೊತ್ತಾಗಿತ್ತು. ಹೆಡ್‌ಮಾಸ್ತರಿಗೆ ಫೋನು ಮಾಡಿ ಅರ್ಧ ದಿನ ರಜೆ ಕೇಳಿದಳು.

ಕೊಟ್ಟಿಗೆಹಾರ ಎಂದರೆ ನೀರುದೋಸೆ. ಇದನ್ನು ದಾಟಿ ಮುಂದೆ ಹೋಗುವುದು ನನ್ನಿಂದಾಗದು. ಅಕ್ಕಿ ನೆನೆಸಿ ನುಣ್ಣಗೆ ರುಬ್ಬಿ, ನೀರಿನಷ್ಟು ತೆಳ್ಳಗೆ ಮಾಡಿ, ಹುಳಿ ಬರಿಸದೆ ಹುಯ್ಯುವ ಇದೇ ದೋಸೆ ನಮ್ಮ ಕರಾವಳಿಯ ಮನೆಮನೆಯಲ್ಲೂ ಉಂಟು. ನಮ್ಮ ದೋಸೆಯನ್ನು ಘಟ್ಟದ ಮೇಲಿನವರು ಹೆಸರು ಮಾಡಿಕೊಂಡರಲ್ಲ ಎಂದು ನನಗೊಂದು ಸಣ್ಣ ಹೊಟ್ಟೆಕಿಚ್ಚು. ಆದರೆ ಆ ಚಳಿಯಲ್ಲಿ, ನೆನೆದ ಕೈಯಲ್ಲಿ, ಹಬೆಯಾಡುವ ನಾಲ್ಕು ದೋಸೆ ತಿಂದರೆ ಹೊಟ್ಟೆಕಿಚ್ಚು ನಿಲ್ಲುವುದಿಲ್ಲ ಬಿಡಿ. ಊರು ಸಣ್ಣದು: ಒಂದು ವೃತ್ತ, ನಾಲ್ಕು ಹೋಟೆಲು, ಸುತ್ತ ಕಾಫಿ ತೋಟ. ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನ ಇರುವುದೂ ಇಲ್ಲೇ. 2007ರಲ್ಲಿ ತೀರಿಕೊಳ್ಳುವವರೆಗೆ ಮೂಡಿಗೆರೆಯ ತೋಟದಲ್ಲಿದ್ದು ಬರೆದ ಆ ದೊಡ್ಡ ಲೇಖಕರು ತಮ್ಮ ಸ್ಕೂಟರನ್ನು ತಾವೇ ಬಿಚ್ಚಿ ಸರಿಮಾಡಿಕೊಳ್ಳುತ್ತಿದ್ದವರು. ಈ ಕಡೆಯ ನೀರಿನಲ್ಲೇ ಅಂಥದ್ದೇನೋ ಇದೆಯೋ ಏನೋ.

ಹೋಟೆಲಿನವರೇ ಹೇಳಿದರು, ಸ್ವಲ್ಪ ಮುಂದೆ ಒಬ್ಬ ಯಜಮಾನರಿದ್ದಾರೆ, ಹಳೇ ಕೈ, ತೋರಿಸಿ ಎಂದು. ತಗಡಿನ ಒಂದು ಶೆಡ್ಡು. ಎಪ್ಪತ್ತರ ಹತ್ತಿರದ ಮನುಷ್ಯ, ಮಂಕಿ ಟೋಪಿ, ಕೈಯಲ್ಲಿ ಕಾಫಿ ಲೋಟ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಕೆಲಸ ಮಾಡಿದವರಂತೆ. ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು, ಅರುವತ್ತರ ದಶಕದ ಜಾವಾ, ಆಮೇಲಿನ ಯೆಜ್ಡಿ, ಆ ಡುಗುಡುಗು ಬೈಕುಗಳು. ಅವು ತಯಾರಾಗುತ್ತಿದ್ದುದು ಅಲ್ಲೇ. 1996ರಲ್ಲಿ ಕಾರ್ಖಾನೆ ಮುಚ್ಚಿದಾಗ ಇವರು ಹೆಂಡತಿಯ ಊರಿಗೆ ಬಂದು ಈ ಶೆಡ್ಡು ಹಾಕಿಕೊಂಡರು.

ಮಗಳು ಬೈಕು ನಿಲ್ಲಿಸಿ, "ಅಂಕಲ್, ಪಿಕಪ್ ಇಲ್ಲ" ಅಂದಳು. ನಾನು ಅಂದುಕೊಂಡೆ, ಈಗ ಸ್ಪ್ಯಾನರು ಹೊರಗೆ ಬರುತ್ತದೆ ಎಂದು. ಬರಲಿಲ್ಲ.

"ಕೂತ್ಕೊಳಿ ಅಮ್ಮಾ. ಗಾಡಿ ಎಲ್ಲೂ ಓಡಿಹೋಗಲ್ಲ. ನೀನು ಹೇಳು ಮಗಾ, ನಿಲ್ಲೋ ಮುಂಚೆ ಹೆಂಗೆ ನಿಲ್ತದೆ? ಸ್ವಿಚ್ಚು ಆರಿಸ್ದಂಗಾ, ಇಲ್ಲಾ ಗ್ಯಾಸು ಮುಗಿದ ಒಲೆ ಥರಾನಾ?"

ಎಂಥ ಪ್ರಶ್ನೆ ನೋಡಿ! ಸಿಲಿಂಡರು ಮುಗಿಯುವಾಗ ಉರಿ ಹೇಗೆ ಸಣ್ಣಗಾಗಿ, ಪುಕ್ ಪುಕ್ ಎಂದು ಆರುತ್ತದೆ ಎನ್ನುವುದು ನಮಗೆ ಗೊತ್ತಿರುವಷ್ಟು ಇನ್ಯಾರಿಗೆ ಗೊತ್ತು? ಮಗಳು "ಗ್ಯಾಸು ಮುಗಿದ ಹಾಗೆ" ಅಂದಳು. ಹಾಗಾದರೆ ಕರೆಂಟಿನ ಕಡೆಯ ದೋಷ ಇರಲಿಕ್ಕಿಲ್ಲ ಎಂದರು ಅವರು. ಬಿಸಿಗೆ ಕಾಯಿಲ್ ಕೆಟ್ಟರೆ, ವಯರು ಸಡಿಲವಾದರೆ, ಸಾಮಾನ್ಯವಾಗಿ ಗಾಡಿ ಫಕ್ಕನೆ ಸಾಯುತ್ತದೆ, ಇಲ್ಲವೇ ಪಟಪಟ ಎಂದು ಮಿಸ್ಸಿಂಗ್ ಹೊಡೆಯುತ್ತದೆ. ನಿಧಾನವಾಗಿ ಬತ್ತಿಹೋಗುವುದು ಹೆಚ್ಚಾಗಿ ಪೆಟ್ರೋಲಿನ ಲಕ್ಷಣ.

"ಸೌಂಡು ಏರ್ತದೆ, ಗಾಡಿ ಮಾತ್ರ ಏರಲ್ಲ, ಹಂಗೇನಾದ್ರೂ?"

"ಇಲ್ಲ, ಸೌಂಡೂ ಇಳಿಯುತ್ತೆ."

ಸೌಂಡು ಏರಿ ಗಾಡಿ ನಿಂತಲ್ಲೇ ಇದ್ದರೆ ಕ್ಲಚ್ ಪ್ಲೇಟು ಸವೆದು ಜಾರುತ್ತಿದೆ ಎಂದರ್ಥ. ಮಿಕ್ಸಿಯ ಮೋಟರು ತಿರುಗಿ, ಕೆಳಗಿನ ರಬ್ಬರು ಸವೆದು ಜಾರಿನ ಬ್ಲೇಡು ತಿರುಗದೆ ಇದ್ದ ಹಾಗೆ. ಅದೂ ಅಲ್ಲ ಎಂದಾಯಿತು. ಆಮೇಲೆ ಹಿಂದಿನ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ ನೋಡಿದರು, ಮುಂದಿನದನ್ನೂ. ಬ್ರೇಕು ಹಿಡಿದುಕೊಂಡೇ ಇದ್ದರೂ ಗಾಡಿ ಎಳೆಯುವುದಿಲ್ಲ. ಆಗ ಚಕ್ರದ ಹತ್ತಿರ ಕೈ ಒಡ್ಡಿದರೆ ಕಾದ ಹೆಂಚಿನ ಝಳ. ಇಲ್ಲಿ ಅದಿರಲಿಲ್ಲ. ಇಂಜಿನ್ನಿನ ಕೆಳಗಿನ ಸಣ್ಣ ಗಾಜಿನಲ್ಲಿ ಆಯಿಲ್ ಮಟ್ಟ ನೋಡಿದರು, ಸರಿಯಿತ್ತು.

ಆಗ ಒಂದೇ ಒಂದು ಸಾಮಾನು ಬಿಚ್ಚಿದರು, ಪ್ಲಗ್ಗು. ಅದನ್ನು ನನ್ನ ಕೈಗೇ ಕೊಟ್ಟು, "ದೋಸೆ ಥರ ನೋಡಿ ಅಮ್ಮಾ" ಅಂದರು. ಪ್ಲಗ್ಗಿನ ತುದಿ ಹದವಾಗಿ ಬೆಂದ ದೋಸೆಯ ಕಂದು ಬಣ್ಣಕ್ಕಿದ್ದರೆ ಇಂಜಿನ್ನಿನ ಊಟ ಸರಿಯಿದೆ. ಕರಿ ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರ್ ಕಟ್ಟಿದಾಗ ಹೀಗಾಗುವುದುಂಟು. ಬೆಳ್ಳಗೆ ಸುಣ್ಣ ಬಳಿದ ಹಾಗಿದ್ದರೆ ಪೆಟ್ರೋಲು ಸಾಲುತ್ತಿಲ್ಲ. ನನ್ನ ಕೈಯಲ್ಲಿದ್ದುದು ಬೆಳ್ಳನೆಯ ದೋಸೆ.

ಹಾಗಾದರೆ ತುಂಬಿದ ಟ್ಯಾಂಕಿನಿಂದ ಇಂಜಿನ್ನಿಗೆ ಪೆಟ್ರೋಲು ಯಾಕೆ ಇಳಿಯುತ್ತಿಲ್ಲ? ಕಾರ್ಬೊರೇಟರ್ ಈಗಷ್ಟೇ ತೊಳೆದದ್ದು. ಅದರಲ್ಲಿ ಕಸವಿದ್ದಿದ್ದರೆ ಉಜಿರೆಯ ಸಪಾಟು ರಸ್ತೆಯಲ್ಲೂ ತೊಂದರೆ ಕೊಡಬೇಕಿತ್ತು, ಇಳಿಜಾರಿನಲ್ಲೂ.

"ಇಳಿಯುವಾಗ ನಿಲ್ತದಾ?"

"ಒಂದು ಸಲವೂ ಇಲ್ಲ."

"ಎಲ್ಲಾ ಸೋಮವಾರಾನೂ ನಿಲ್ತದಾ?"

ಮಗಳು ಯೋಚಿಸಿದಳು. "ಇಲ್ಲ. ಎರಡು ಸೋಮವಾರ ಏನೂ ಆಗಲಿಲ್ಲ. ಚೆನ್ನಾಗೇ ಹತ್ತಿತು."

"ಆ ಎರಡು ದಿನ ಬೇರೆ ಏನಿತ್ತು ನೋಡು. ಮಳೆ ಇರಲಿಲ್ವಾ?"

ಅವಳು ಬ್ಯಾಗಿನಿಂದ ಒಂದು ಪುಟ್ಟ ನೋಟುಬುಕ್ಕು ತೆಗೆದಳು. ಪೆಟ್ರೋಲಿನ ಲೆಕ್ಕ ಬರೆದಿಡುವ ಅಭ್ಯಾಸ ಅವಳಿಗೆ. ಹಾಲಿನ ಲೆಕ್ಕ ಬರೆಯುವ ನನ್ನಿಂದಲೇ ಬಂದದ್ದು ಅನ್ನಿ. ಪುಟ ತಿರುವಿದವಳು ನಕ್ಕುಬಿಟ್ಟಳು. "ಎರಡೂ ತಿಂಗಳ ಕೊನೇ ವಾರ. ಕೈಯಲ್ಲಿ ದುಡ್ಡಿರಲಿಲ್ಲ, ಪೆಟ್ರೋಲ್ ಹಾಕ್ಸಿರಲಿಲ್ಲ. ಟ್ಯಾಂಕು ಅರ್ಧಕ್ಕಿಂತ ಕಡಿಮೆ ಇತ್ತು."

ಟ್ಯಾಂಕು ತುಂಬಿದ್ದಾಗ ನಿಲ್ಲುತ್ತದೆ, ಖಾಲಿಯಿದ್ದಾಗ ಓಡುತ್ತದೆ! ನನಗೆ ತಲೆಬುಡ ತಿಳಿಯಲಿಲ್ಲ. ಯಜಮಾನರು ಮಾತ್ರ ಕಾಫಿ ಲೋಟ ಕೆಳಗಿಟ್ಟು, ಮೊದಲ ಸಲ ಎದ್ದುನಿಂತು, "ಕೀ ಕೊಡು" ಅಂದರು. ಟ್ಯಾಂಕಿನ ಮುಚ್ಚಳ ತೆಗೆದು, ಮಗುಚಿ, ಬೆಳಕಿಗೆ ಹಿಡಿದರು. ಮುಚ್ಚಳದ ಒಳಮಗ್ಗುಲಲ್ಲಿ ಒಂದು ಸಣ್ಣ ಜಾಗದಲ್ಲಿ, ಅಕ್ಕಿಕಾಳಿನಷ್ಟು, ಗಟ್ಟಿಯಾದ ಪುಟ್ಟಿ ಮೆತ್ತಿತ್ತು. ನಲ್ಲಿಯ ಸೋರಿಕೆಗೆ ಹಚ್ಚುತ್ತೇವಲ್ಲ, ಅಂಥದ್ದು. "ಹಳೇ ಓನರು ಮಾಡಿರೋ ಘನಕಾರ್ಯ" ಎಂದರು.

ಎಣ್ಣೆ ಡಬ್ಬಿ ನೆನಪು ಮಾಡಿಕೊಳ್ಳಿ. ಹದಿನೈದು ಕಿಲೋ ಡಬ್ಬಿಗೆ ಒಂದೇ ತೂತು ಹೊಡೆದರೆ ಎಣ್ಣೆ ಸರಿಯಾಗಿ ಬರುತ್ತದೆಯೇ? ಗುಳುಗುಳು ಎಂದು ಒಂದಿಷ್ಟು ಬಿದ್ದು ನಿಲ್ಲುತ್ತದೆ. ಎದುರು ಮೂಲೆಗೆ ಇನ್ನೊಂದು ತೂತು ಹೊಡೆದ ಕೂಡಲೇ ಧಾರೆ ಸಲೀಸು. ಒಂದರಿಂದ ಎಣ್ಣೆ ಹೊರಗೆ, ಇನ್ನೊಂದರಿಂದ ಗಾಳಿ ಒಳಗೆ. ಬೈಕಿನ ಟ್ಯಾಂಕೂ ಅಷ್ಟೇ. ಪೆಟ್ರೋಲು ಕೆಳಗಿಳಿದಷ್ಟು ಗಾಳಿ ಒಳಗೆ ಬರಬೇಕು. ಅದಕ್ಕೆಂದೇ ಮುಚ್ಚಳದಲ್ಲಿ ಸೂಜಿಯ ಕಣ್ಣಿನಂಥ ಒಂದು ದಾರಿ ಇರುತ್ತದೆ. ಅದು ಮುಚ್ಚಿದರೆ ಒಳಗೆ ಗಾಳಿಯ ಒತ್ತಡ ಕುಸಿಯುತ್ತದೆ, ಟ್ಯಾಂಕೇ ಪೆಟ್ರೋಲನ್ನು ಹೀರಿ ಹಿಡಿದುಕೊಳ್ಳುತ್ತದೆ.

ಟ್ಯಾಂಕು ಅರ್ಧ ಖಾಲಿಯಿದ್ದರೆ ಮೇಲೆ ಐದಾರು ಲೀಟರಿನಷ್ಟು ಗಾಳಿ ಇರುತ್ತದೆ. ಅಷ್ಟು ಗಾಳಿಗೆ ಒಂದು ಲೋಟ ಪೆಟ್ರೋಲು ಇಳಿದರೂ ಹೆಚ್ಚು ವ್ಯತ್ಯಾಸ ಆಗದು, ಸ್ವಲ್ಪ ಹಿಗ್ಗಿಕೊಳ್ಳುತ್ತದೆ. ಅಂಚಿನವರೆಗೆ ತುಂಬಿದ್ದರೆ ಮೇಲೆ ಇರುವ ಗಾಳಿಯೇ ಒಂದಿಷ್ಟು. ಅದರಲ್ಲಿ ಒಂದು ಲೋಟ ಇಳಿದರೆ ಒತ್ತಡ ಥಟ್ಟನೆ ಕುಸಿಯುತ್ತದೆ. ಮುಚ್ಚಳದ ಹಳೇ ರಬ್ಬರಿನ ಸಂದಿಯಿಂದ ಅಷ್ಟಿಷ್ಟು ಗಾಳಿ ನುಸುಳುತ್ತಿದ್ದುದರಿಂದ ಸಪಾಟು ರಸ್ತೆಯಲ್ಲಿ ಹೇಗೋ ಸುಧಾರಿಸುತ್ತಿತ್ತು. ಏರಿನಲ್ಲಿ ಇಂಜಿನ್ನು ಕುಡಿಯುವುದು ಹೆಚ್ಚು, ನುಸುಳುವ ಗಾಳಿ ಸಾಲದು. ಮೇಲೆ ತಣ್ಣನೆ ಮಳೆ ಬಿದ್ದು ಟ್ಯಾಂಕು ತಣಿದರೆ ಒಳಗಿನ ಗಾಳಿ ಇನ್ನಷ್ಟು ಕುಗ್ಗುತ್ತದೆ. ಹತ್ತು ನಿಮಿಷ ನಿಂತರೆ ರಬ್ಬರಿನ ಸಂದಿಯಿಂದ ಗಾಳಿ ತುಂಬಿಕೊಂಡು ಗಾಡಿ ಮತ್ತೆ ಶುರು. ಎರಡು ತಿಂಗಳ ಒಗಟು ಒಂದು ಅಕ್ಕಿಕಾಳಿನಷ್ಟು ಪುಟ್ಟಿಯಲ್ಲಿತ್ತು.

"ಮತ್ತೆ ನಿಂತಾಗ ಬೇರೆ ಏನೂ ಮಾಡ್ಬೇಡ. ಮುಚ್ಚಳ ತೆಗಿ. ಉಸ್ಸ್ ಅಂತ ಗಾಳಿ ಎಳ್ಕೊಂಡು, ಆ ಕೂಡಲೇ ಗಾಡಿ ಶುರುವಾದ್ರೆ ಇದೇ ಕಾಯಿಲೆ. ಶುರುವಾಗ್ಲಿಲ್ಲ ಅಂದ್ರೆ ಬೇರೆ ಹುಡುಕ್ಬೇಕು" ಎಂದು ಮಗಳಿಗೆ ಹೇಳಿದರು. ಕಾಸು ಖರ್ಚಿಲ್ಲದ ಪರೀಕ್ಷೆ. ಹತ್ತಿರ ಯಾರೂ ಬೀಡಿ ಸಿಗರೇಟು ಹಚ್ಚಿರಬಾರದು, ಕಾದ ಇಂಜಿನ್ನಿನ ಮೇಲೆ ಪೆಟ್ರೋಲು ಚೆಲ್ಲಬಾರದು, ಅಷ್ಟೇ ಎಚ್ಚರ.

ಹಳೆಯ ಮಾಲೀಕ ಅದನ್ನು ಮುಚ್ಚಿದ್ದಾದರೂ ಯಾಕೆ? ಅದಕ್ಕೂ ನಮ್ಮ ಕಡೆಯ ಮಳೆಯೇ ಕಾರಣ ನೋಡಿ. ಇಂಥ ಬೈಕುಗಳ ಮುಚ್ಚಳ ಟ್ಯಾಂಕಿನೊಳಕ್ಕೆ ಕೂತಿರುತ್ತದೆ, ಸುತ್ತ ಒಂದು ಸಣ್ಣ ತಗ್ಗು. ಮಳೆನೀರು ಆ ತಗ್ಗಿನಲ್ಲಿ ನಿಲ್ಲದಿರಲೆಂದು ಅಲ್ಲೊಂದು ತೂತು, ಅದರಿಂದ ಒಂದು ಕೊಳವೆ ಟ್ಯಾಂಕಿನ ಮೂಲಕ ಕೆಳಕ್ಕೆ ಹೋಗಿ ನೆಲಕ್ಕೆ ನೀರು ಬಿಡುತ್ತದೆ. ಆ ಕೊಳವೆ ಕೆಂಪುಮಣ್ಣಿನಿಂದ ಕಟ್ಟಿತ್ತು. ನೀರು ಮುಚ್ಚಳದ ಸುತ್ತ ಕೆರೆಯಾಗಿ ಗಾಳಿಯ ದಾರಿಯಿಂದ ಟ್ಯಾಂಕಿನೊಳಗೆ ಇಳಿದಿರಬೇಕು. ನೀರು ಸೇರಿದ ಪೆಟ್ರೋಲಿನಿಂದ ರೋಸಿಹೋದ ಆಸಾಮಿ, ಬಚ್ಚಲು ಕಟ್ಟಿತೆಂದು ಕಿಟಕಿಗೆ ಹಲಗೆ ಹೊಡೆದ ಹಾಗೆ, ಗಾಳಿಯ ದಾರಿಯನ್ನೇ ಮುಚ್ಚಿಬಿಟ್ಟ! ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೇರೆ ಬೆರೆತಿರುತ್ತದೆ. ನೀರು ಹೆಚ್ಚು ಸೇರಿದರೆ ಎಥನಾಲ್ ಅದರ ಜೊತೆ ಕೂಡಿಕೊಂಡು ತಳಕ್ಕೆ ಇಳಿಯುತ್ತದೆ, ಮೊದಲು ಇಂಜಿನ್ನಿಗೆ ಹೋಗುವುದು ಆ ನೀರೇ. ಆದ್ದರಿಂದ ಬರೀ ಪುಟ್ಟಿ ತೆಗೆದರೆ ಸಾಲದು, ಕೊಳವೆಯೂ ಬಿಡಿಸಬೇಕು ಎಂದರು.

ಪುಟ್ಟಿ ಕೀಳಲು ನನ್ನ ದುಪ್ಪಟ್ಟಾದ ಪಿನ್ನು ಕೊಟ್ಟೆ. ಕೊಳವೆಗೆ ಹಳೇ ಕ್ಲಚ್ ಕೇಬಲ್ಲಿನ ಒಂದು ಎಳೆ ತೂರಿಸಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದರು. ಕೆಳಗಿನಿಂದ ಕೆಂಪು ಗಸಿ ಬಂತು. ತಗ್ಗಿಗೆ ಒಂದು ಲೋಟ ನೀರು ಹುಯ್ದು ನೋಡಿದರು. ಸರ್ರನೆ ಇಳಿದು ನೆಲಕ್ಕೆ ಬಿತ್ತು. ಟ್ಯಾಂಕಿನ ತಳದ ಪೆಟ್ರೋಲನ್ನು ನಲ್ಲಿಯಿಂದ ಒಂದು ಬಿಳಿ ಬಾಟಲಿಗೆ ಹಿಡಿದು ನೀರಿಲ್ಲವೆಂದು ಖಾತ್ರಿ ಮಾಡಿಕೊಂಡರು. ಕೂಲಿ ಎಷ್ಟೆಂದು ಕೇಳಿದರೆ, "ಮೊದ್ಲು ಹತ್ತು ಕಿಲೋಮೀಟರು ಕೆಳಗಿಳಿದು ಹತ್ಕೊಂಡು ಬನ್ನಿ. ಟ್ಯಾಂಕು ಇನ್ನೂ ತುಂಬಾ ಐತೆ. ಇಲ್ಲೇ ರೈಸ್ ಮಾಡಿ ನೋಡಿದ್ರೆ ಎಂಥದ್ದೂ ಗೊತ್ತಾಗಲ್ಲ" ಎಂದರು.

ಆ ಇಪ್ಪತ್ತು ಕಿಲೋಮೀಟರನ್ನು ನಾನು ಮರೆಯಲಾರೆ. ಮಳೆ ಬಿಟ್ಟಿತ್ತು. ಕೊಟ್ಟಿಗೆಹಾರ ದಾಟಿ ಇಳಿಯುವಾಗ ಅರಣ್ಯ ಇಲಾಖೆಯ ಮಲಯಮಾರುತ ಅತಿಥಿಗೃಹದ ಕಡೆ ಗಾಳಿ ಎಷ್ಟು ಬೀಸುತ್ತಿತ್ತೆಂದರೆ, ಹೆಸರಿಟ್ಟವರು ಇಲ್ಲಿ ನಿಂತು ನೋಡಿಯೇ ಇಟ್ಟಿರಬೇಕು. ಮಂಜಿನ ಪರದೆ ಸರಿದು ಒಮ್ಮೆಲೇ ಕಣಿವೆ ತೆರೆಯಿತು. ಒಂದರ ಹಿಂದೊಂದು ಹಸಿರು ಬೆಟ್ಟ, ಆಮೇಲೆ ನೀಲಿ ಬೆಟ್ಟ, ಆಮೇಲೆ ಬರೀ ಹೊಗೆಯಂಥ ಗೆರೆ. ನಡುವೆ ಬೆಳ್ಳಿಯ ಎಳೆಯ ಹಾಗೆ ಯಾವುದೋ ಝರಿ. ಇಪ್ಪತ್ತೆಂಟು ವರ್ಷ ಇದರ ಪ್ಲಾಸ್ಟಿಕ್ ಚೀಲದ ಭಾಗ ಮಾತ್ರ ನೋಡಿದ್ದೆನಲ್ಲ! ಮಗಳು ಮಾತಾಡಲಿಲ್ಲ, ಅವಳ ಕಿವಿ ಇಂಜಿನ್ನಿನ ಮೇಲೆ. ತಿರುಗಿ ಏರು ಹಿಡಿದೆವು. ಬೆಳಿಗ್ಗೆ ನಿಂತ ಜಾಗಗಳಲ್ಲಿ ಒಂದು ಬಂತು, ಹೋಯಿತು. ಮೂರನೇ ಗೇರಿನಲ್ಲಿ ಗಾಡಿ ಹತ್ತುತ್ತಲೇ ಇತ್ತು. ಅವಳ ಭುಜ ಸಡಿಲವಾದದ್ದು ಹಿಂದೆ ಕೂತ ನನ್ನ ಕೈಗೆ ಗೊತ್ತಾಯಿತು.

ಯಜಮಾನರು ತೆಗೆದುಕೊಂಡದ್ದು ಇನ್ನೂರು ರೂಪಾಯಿ. ಮುಚ್ಚಳದ ರಬ್ಬರು ಹೊಸದು ಹಾಕಿಸು ಎಂದರು. ಹೊಸದಾಗಿ ಬೈಕು ಕೊಂಡ ಮಕ್ಕಳ ತಾಯಂದಿರಿಗೆಂದು ಇನ್ನೊಂದು ಮಾತನ್ನೂ ಅವರಿಂದ ಕೇಳಿ ಬರೆದುಕೊಂಡು ಬಂದೆ. 2020ರ ಏಪ್ರಿಲಿನಿಂದ ಬಂದ ಬಿ.ಎಸ್. 6 ಗಾಡಿಗಳಲ್ಲಿ ಹೆಚ್ಚಿನವಕ್ಕೆ ಕಾರ್ಬೊರೇಟರ್ ಇಲ್ಲ, ಪಂಪಿನಿಂದ ಪೆಟ್ರೋಲು ಚಿಮ್ಮಿಸುವ ಏರ್ಪಾಡು. ಅವುಗಳಲ್ಲಿ ಟ್ಯಾಂಕಿನ ಗಾಳಿಯ ದಾರಿ ಇದ್ದಿಲು ತುಂಬಿದ ಒಂದು ಡಬ್ಬಿಗೆ ಹೋಗಿರುತ್ತದೆ. ಅದರ ಕೊಳವೆ ಮಡಿಸಿಹೋದರೂ ತೊಂದರೆಯೇ. ಪಿಕಪ್ ಹೋದಾಗ ಮೀಟರಿನಲ್ಲಿ ಇಂಜಿನ್ನಿನ ಚಿತ್ರದ ಹಳದಿ ದೀಪ ಹೊತ್ತಿದೆಯೇ ನೋಡಬೇಕು. ಹೊತ್ತಿದ್ದರೆ ಕಂಪನಿಯ ಸರ್ವಿಸಿನವರು ಯಂತ್ರ ಹಚ್ಚಿ ನೋಡುವುದೇ ಒಳ್ಳೆಯದು. ಗಾಡಿ ಯಾವುದೇ ಇರಲಿ, ಗ್ಯಾರೇಜಿಗೆ ಹೋದಾಗ ಬರೀ "ಪಿಕಪ್ ಇಲ್ಲ" ಎನ್ನಬೇಡಿ. ಎಷ್ಟು ದೂರ ಓಡಿದ ಮೇಲೆ, ಏರಿನಲ್ಲೋ ಸಪಾಟಿನಲ್ಲೋ, ಮಳೆಯಲ್ಲೋ ಬಿಸಿಲಲ್ಲೋ, ಟ್ಯಾಂಕಿನಲ್ಲಿ ಎಷ್ಟಿತ್ತು, ಸೌಂಡು ಏರಿತೋ ಇಳಿಯಿತೋ, ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಕೊಡಿ. ಕಾಯಿಲ್ಲಿನ ದುಡ್ಡು ಉಳಿಯಬಹುದು.

ಮಗಳು ಮಧ್ಯಾಹ್ನದ ಹೊತ್ತಿಗೆ ಶಾಲೆಗೆ ಹೋದಳು, ನಾನು ಬಸ್ಸು ಹತ್ತಿ ಉಜಿರೆಗೆ ಇಳಿದೆ. ಈ ಸಲ ಕಿಟಕಿಯ ಪಕ್ಕ ಕೂತು, ಕಣ್ಣು ಬಿಟ್ಟು. ನಮ್ಮವರು ಅಷ್ಟು ಸುಲಭಕ್ಕೆ ನಂಬುವವರಲ್ಲ. ಮುಂದಿನ ಸೋಮವಾರ ಟ್ಯಾಂಕು ತುಂಬಿಸಿ, ತಾವೇ ಹಿಂದೆ ಕೂತು ಕೊಟ್ಟಿಗೆಹಾರದವರೆಗೆ ಹೋಗಿ, ಎಂಟು ನೀರುದೋಸೆ ತಿಂದು ಬಂದರು. ದೀಪಾವಳಿಯ ಮುನ್ನಾದಿನ ಬೈಕು ಕೊಳ್ಳಲು ಗಿರಾಕಿ ಬಂದಾಗ, ಅವನಿಗೆ ಕಾಫಿ ಕೊಟ್ಟು, "ಮಗಳು ಓಡಿಸ್ತಾಳೆ, ಕೊಡುವುದಿಲ್ಲ" ಎಂದು ಕಳಿಸಿದರು.

ನೀವು ಹೋಗುವುದಾದರೆ ಮಳೆ ಹಿಂದೆಗೆದ ಅಕ್ಟೋಬರ್ ಕೊನೆ, ನವೆಂಬರ್ ಒಳ್ಳೆಯ ಕಾಲ. ಝರಿಗಳಲ್ಲಿ ನೀರಿನ್ನೂ ಇರುತ್ತದೆ, ಗುಡ್ಡ ಜರಿಯುವ ಭಯ ಕಡಿಮೆ. ಜೋರು ಮಳೆಯ ದಿನಗಳಲ್ಲಿ ಘಾಟಿಗೆ ನಿರ್ಬಂಧ ಹಾಕುವುದುಂಟು, ಹೊರಡುವ ಮೊದಲು ವಿಚಾರಿಸಿಕೊಳ್ಳಿ. ಬೆಳಿಗ್ಗೆ ಬೇಗ ಹೊರಟರೆ ಮಂಜೂ ಸಿಗುತ್ತದೆ, ಬಿಸಿ ದೋಸೆಯೂ. ತಿರುವಿನಲ್ಲಿ ಗಾಡಿ ನಿಲ್ಲಿಸಿ ಫೋಟೋ ತೆಗೆಯಬೇಡಿ. ಕೋತಿಗಳಿಗೆ ತಿಂಡಿ ತೋರಿಸಲೇಬೇಡಿ. ನನ್ನ ಕೈಯಲ್ಲಿದ್ದ ಬಾಳೆಹಣ್ಣಿನ ಚಿಪ್ಸಿನ ಪೊಟ್ಟಣ ಹೋದದ್ದು ಹಾಗೆಯೇ.